ಬಡ್ಡಿಯಿಲ್ಲದ ಉಳಿತಾಯ: ಶಿರೂರಿನ ತರುಣರೊಡನೆ ಕೆಲವು ಲೆಕ್ಕಾಚಾರ

ಉಡುಪಿ ಜಿಲ್ಲೆಯ ಉತ್ತರದ ಎಲ್ಲೆಯಲ್ಲಿ, ಬೈಂದೂರಿಗೂ ಭಟ್ಕಳಕ್ಕೂ ನಡುವೆ, ಹೆದ್ದಾರಿಯ ಆಚೀಚೆ ಹಬ್ಬಿಕೊಂಡಿರುವ ಶಿರೂರು, ದಾರಿಹೋಕರ ಪಾಲಿಗೆ ಒಂದು ಟೋಲ್‌ಗೇಟಿನ ಹೆಸರಷ್ಟೇ ಆಗಿರಬಹುದಾದರೂ, ದುಡಿಮೆಯ ದೃಷ್ಟಿಯಿಂದ ನೋಡುವವರಿಗೆ ಅದು ಕಡಲಿನ ಮೇಲೆಯೂ ಕಡಲಿನಾಚೆಯೂ ಬದುಕನ್ನು ಕಟ್ಟಿಕೊಂಡ ಊರಾಗಿ ಕಾಣಿಸುತ್ತದೆ. (ಅಷ್ಟಮಠಗಳ ಪೈಕಿಯ ಶಿರೂರು ಬೇರೆ, 2024ರ ಜುಲೈಯಲ್ಲಿ ಗುಡ್ಡ ಕುಸಿದ ಅಂಕೋಲೆಯ ಶಿರೂರು ಬೇರೆ, ನಮ್ಮ ನಾಡಿನಲ್ಲಿ ಶಿರೂರುಗಳಿಗೆ ಬರವಿಲ್ಲ.) ಇಲ್ಲಿಯ ತರುಣರಲ್ಲಿ ಕೆಲವರು ದೋಣಿಯನ್ನೇರುತ್ತಾರೆ, ಕೆಲವರು ಕೊಲ್ಲಿ ದೇಶಗಳಿಗೆ ವಿಮಾನವನ್ನೇರುತ್ತಾರೆ, ಇಬ್ಬರ ಆದಾಯಕ್ಕೂ ಸಮಾನವಾದ ಒಂದು ಲಕ್ಷಣವುಂಟು. ಬಂದರೆ ಒಟ್ಟಿಗೆ ಬರುತ್ತದೆ, ನಿಂತರೆ ಒಮ್ಮೆಲೇ ನಿಲ್ಲುತ್ತದೆ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಸರಕಾರದ ನಿಷೇಧ. ಕೊಲ್ಲಿಯ ನೌಕರಿಗೆ ಕರಾರು ಮುಗಿಯುವ ದಿನ. ಇಂತಹ ಆದಾಯವುಳ್ಳವನಿಗೆ ಉಳಿತಾಯವೆಂಬುದು ಗುಣವಂತಿಕೆಯ ಮಾತಿಗಿಂತ ಹೆಚ್ಚಾಗಿ ಮಳೆಗಾಲದ ಅಕ್ಕಿಯ ಮಾತು.

ಆದರೆ ಶಿರೂರಿನ ಮುಸಲ್ಮಾನ ತರುಣನಿಗೆ ಇಲ್ಲಿ ಇನ್ನೊಂದು ತೊಡಕು ಎದುರಾಗುತ್ತದೆ. ಬಡ್ಡಿಯನ್ನು ಕೊಳ್ಳುವುದೂ ಕೊಡುವುದೂ, ಅಂದರೆ ‘ರಿಬಾ’, ಅವನ ಧರ್ಮದಲ್ಲಿ ನಿಷಿದ್ಧ. ಬ್ಯಾಂಕಿನ ಉಳಿತಾಯ ಖಾತೆಯಾದರೋ ಕೇಳದಿದ್ದರೂ ಬಡ್ಡಿಯನ್ನು ತಂದು ಸೇರಿಸುತ್ತದೆ. ಈ ಸಂಕೋಚದಿಂದಾಗಿ ಕೆಲವರು ಹಣವನ್ನು ಕಪಾಟಿನಲ್ಲಿಡುತ್ತಾರೆ, ಕೆಲವರು ಎಲ್ಲವನ್ನೂ ಚಿನ್ನ ಮಾಡುತ್ತಾರೆ, ಕೆಲವರು ಉಳಿಸುವ ಗೋಜಿಗೇ ಹೋಗುವುದಿಲ್ಲ; ಮತ್ತೆ ಕೆಲವರು, ಇದೇ ಎಲ್ಲಕ್ಕಿಂತ ಅಪಾಯದ್ದು, ‘ಹಲಾಲ್ ಲಾಭ’ವೆಂದು ಬರೆದ ಕರಪತ್ರವನ್ನು ನಂಬಿ ಅಪರಿಚಿತರ ಕೈಗೆ ಗಂಟನ್ನು ಒಪ್ಪಿಸುತ್ತಾರೆ. ಈ ನಾಲ್ಕೂ ದಾರಿಗಳನ್ನು ಬಿಟ್ಟು ಐದನೆಯದೊಂದು ಉಂಟೇ ಎಂಬುದು ಈ ಲೇಖನದ ವಿಚಾರ. ದಾರಿ ಉಂಟು, ಅದು ಅಷ್ಟೇನೂ ಆಕರ್ಷಕವಾಗಿಲ್ಲ ಎಂಬುದನ್ನು ಮಾತ್ರ ಮೊದಲೇ ಹೇಳಿಬಿಡುವುದು ಮೇಲು.

ಉಳಿತಾಯವನ್ನು ಕಲಿಯಲು ನಮ್ಮ ಕರಾವಳಿಯವರು ದೂರ ಹೋಗಬೇಕಾಗಿಲ್ಲ. 1906ರ ಮಾರ್ಚ್ 12ರಂದು, ಸ್ವದೇಶೀ ಚಳವಳಿಯ ಬಿಸಿ ಇನ್ನೂ ಆರದಿದ್ದ ಕಾಲದಲ್ಲಿ, ಉಡುಪಿಯ ವರ್ತಕರಾದ ಹಾಜಿ ಅಬ್ದುಲ್ಲಾ ಸಾಹೇಬರು ತಮ್ಮ ಮಿತ್ರರೊಡಗೂಡಿ ಐದು ಸಾವಿರ ರೂಪಾಯಿಗಳ ಬಂಡವಾಳದಿಂದ ಸ್ಥಾಪಿಸಿದ ಸಂಸ್ಥೆಯೇ ಮುಂದೆ ಕಾರ್ಪೊರೇಷನ್ ಬ್ಯಾಂಕೆಂದು ಹೆಸರಾಗಿ, 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಮೊದಲ ದಿನದ ಸಂಗ್ರಹ ಮೂವತ್ತೆಂಟು ರೂಪಾಯಿ ಹದಿಮೂರು ಆಣೆ ಎರಡು ಪೈ. ಜಾತಿಮತಗಳ ಭೇದವಿಲ್ಲದೆ ಸರ್ವರಲ್ಲಿಯೂ ಮಿತವ್ಯಯದ ಅಭ್ಯಾಸವನ್ನು ಬೆಳೆಸುವುದೇ ಆ ಸಂಸ್ಥೆಯ ಘೋಷಿತ ಉದ್ದೇಶವಾಗಿತ್ತು. ತರುವಾಯ 1925ರಲ್ಲಿ ಉಡುಪಿಯಲ್ಲಿಯೇ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ‘ಪಿಗ್ಮಿ’ಯನ್ನು ಆರಂಭಿಸಿ, ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಷ್ಟು ಅಲ್ಪವಾದ ಹಣವನ್ನೂ ಸಂಗ್ರಹಿಸತೊಡಗಿತು. ಇವೆರಡೂ ಬಡ್ಡಿಯ ಆಧಾರದ ಮೇಲೆಯೇ ನಡೆದವು ಎಂಬುದು ನಿಜ. ಆದರೂ ಉಳಿತಾಯವನ್ನು ಸಾಧ್ಯವಾಗಿಸಿದ್ದು ದಿನದಿನದ ಕ್ರಮವೇ ಹೊರತು ಬಡ್ಡಿಯ ಆಸೆಯಲ್ಲ; ಆ ಎರಡಾಣೆಗೆ ಬರುತ್ತಿದ್ದ ಬಡ್ಡಿಯೆಷ್ಟು? ದಿನಕ್ಕೆ 50 ರೂಪಾಯಿಯನ್ನು ತೆಗೆದಿಡುವವನಲ್ಲಿ, ಒಂದು ಪೈ ಬಡ್ಡಿಯಿಲ್ಲದೆ, ವರ್ಷದ ಕೊನೆಗೆ 18,250 ರೂಪಾಯಿ ಇರುತ್ತದೆ.

ಇನ್ನು ಇಸ್ಲಾಮಿಕ್ ಬ್ಯಾಂಕಿಂಗಿನ ವಿಷಯ. ಮೊಟ್ಟಮೊದಲು ತಿಳಿಯತಕ್ಕದ್ದೇನೆಂದರೆ, ಭಾರತದಲ್ಲಿ ರಿಸರ್ವ್ ಬ್ಯಾಂಕಿನ ಅನುಮತಿ ಪಡೆದ ಇಸ್ಲಾಮಿಕ್ ಬ್ಯಾಂಕು ಒಂದೂ ಇಲ್ಲ. 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯಿದೆಯ 8ನೆಯ ಕಲಮು ಬ್ಯಾಂಕುಗಳು ಸರಕಿನ ಕ್ರಯವಿಕ್ರಯದಲ್ಲಿ ತೊಡಗುವುದನ್ನು ನಿಷೇಧಿಸುತ್ತದೆ. ಇಸ್ಲಾಮಿಕ್ ಬ್ಯಾಂಕಾದರೋ ಹಣವನ್ನು ಸಾಲ ಕೊಡುವುದರ ಬದಲು ವಸ್ತುವನ್ನೇ ಕೊಂಡು ಮಾರಬೇಕಾಗುತ್ತದೆ. 2005ರಲ್ಲಿ ರಿಸರ್ವ್ ಬ್ಯಾಂಕು ನೇಮಿಸಿದ ಆನಂದ ಸಿನ್ಹಾ ಸಮಿತಿ ಈಗಿನ ಕಾನೂನಿನಡಿ ಇದು ಸಾಧ್ಯವಿಲ್ಲವೆಂದಿತು; 2008ರಲ್ಲಿ ರಘುರಾಮ್ ರಾಜನ್ ಸಮಿತಿ ಬಡ್ಡಿರಹಿತ ಬ್ಯಾಂಕಿಂಗಿಗೆ ಅವಕಾಶವಿರಲೆಂದಿತು; 2015ರ ಡಿಸೆಂಬರಿನಲ್ಲಿ ದೀಪಕ್ ಮೊಹಾಂತಿ ಸಮಿತಿ ಸಾಮಾನ್ಯ ಬ್ಯಾಂಕುಗಳಲ್ಲಿಯೇ ಬಡ್ಡಿರಹಿತ ಕಿಟಕಿಯೊಂದನ್ನು ತೆರೆಯಬಹುದೆಂದಿತು; 2017ರ ನವೆಂಬರಿನಲ್ಲಿ ಮಾಹಿತಿ ಹಕ್ಕಿನ ಪ್ರಶ್ನೆಯೊಂದಕ್ಕೆ ಉತ್ತರವಾಗಿ ರಿಸರ್ವ್ ಬ್ಯಾಂಕು ಆ ಪ್ರಸ್ತಾಪವನ್ನು ಮುಂದುವರಿಸುವುದಿಲ್ಲವೆಂದು ತಿಳಿಸಿತು. ಆದುದರಿಂದ ಶಿರೂರಿನ ಪೇಟೆಗೆ ಯಾರಾದರೂ ಬಂದು ‘ನಮ್ಮದು ಇಸ್ಲಾಮಿಕ್ ಬ್ಯಾಂಕು’ ಎಂದರೆ, ಆ ಕೊನೆಯ ಪದದಲ್ಲಿಯೇ ಸುಳ್ಳಿದೆಯೆಂದು ತಿಳಿಯಬೇಕು.

ಆದರೂ ಆ ಪದ್ಧತಿಯ ತತ್ತ್ವವನ್ನು ಅರಿತಿರುವುದು ಅಗತ್ಯ. ಏಕೆಂದರೆ ದುಬೈ, ಕುವೈತ್‌ಗಳಲ್ಲಿ ಅಂತಹ ಬ್ಯಾಂಕುಗಳು ಪ್ರತ್ಯಕ್ಷವಾಗಿ ಇವೆ (ದುಬೈ ಇಸ್ಲಾಮಿಕ್ ಬ್ಯಾಂಕು ಸ್ಥಾಪನೆಯಾದುದು 1975ರಲ್ಲಿ), ಮತ್ತು ತತ್ತ್ವವನ್ನು ಬಲ್ಲವನನ್ನು ಊರಿನಲ್ಲಿಯೂ ಮೋಸಗೊಳಿಸುವುದು ಕಷ್ಟ. ಪುಸ್ತಕಗಳಲ್ಲಿ ಅದನ್ನು ಮುದಾರಬಾ, ಮುಶಾರಕಾ ಎಂಬ ಅರಬ್ಬೀ ಹೆಸರುಗಳಿಂದ ವಿವರಿಸಿರುತ್ತಾರೆ. ನಮ್ಮ ಕರಾವಳಿಯ ಓದುಗರಿಗೆ ರಂಪಣಿಯನ್ನು ನೆನೆದರೆ ಸಾಕು. ಪರ್ಸೀನ್ ಬಲೆಗಳು 1970ರ ದಶಕದ ಉತ್ತರಾರ್ಧದಲ್ಲಿ ಬಂದು ಅದನ್ನು ಮೂಲೆಗೊತ್ತುವ ಮುನ್ನ, ರಂಪಣಿಯ ಒಂದೊಂದು ಕೂಟದಲ್ಲಿಯೂ ಹತ್ತಾರು ಜನ ಸೇರಿ, ಒಬ್ಬೊಬ್ಬನೂ ಬಲೆಯ ಒಂದೊಂದು ತುಂಡನ್ನು ತಂದು ಜೋಡಿಸಿ, ದೋಣಿಯಲ್ಲಿ ಅದನ್ನು ಅರ್ಧಚಂದ್ರಾಕಾರವಾಗಿ ಬಿಟ್ಟು ಬಂದು, ಎರಡೂ ತುದಿಗಳ ಹಗ್ಗವನ್ನು ದಡದಿಂದ ಎಳೆಯುತ್ತಿದ್ದರು. ಬಂಗುಡೆಯೋ ಬೈಗೆಯೋ ಬಿದ್ದರೆ, ಮಾರಿದ ಹಣದಲ್ಲಿ ಖರ್ಚನ್ನು ಕಳೆದು, ದೋಣಿಗಿಷ್ಟು ಬಲೆಗಿಷ್ಟು ಆಳಿಗಿಷ್ಟು ಎಂದು ಮೊದಲೇ ಗೊತ್ತಾಗಿದ್ದ ಪಾಲಿನಂತೆ ಹಂಚಿಕೆ ನಡೆಯುತ್ತಿತ್ತು. ಬಲೆ ಬರಿದಾಗಿ ಬಂದ ದಿನ ಯಾರ ಪಾಲಿಗೂ ಏನೂ ಇಲ್ಲ, ಬಲೆ ಹರಿದರೆ ಆ ನಷ್ಟ ಬಲೆಯವನದು, ಎಳೆದವನ ನಷ್ಟ ಅವನ ಬೆವರು. ಮುದಾರಬಾ ಎಂದರೆ ಇಷ್ಟೇ: ಒಬ್ಬನ ಬಂಡವಾಳ, ಇನ್ನೊಬ್ಬನ ಶ್ರಮ, ಲಾಭದ ಪಾಲು ಮೊದಲೇ ನಿಷ್ಕರ್ಷೆಯಾಗಿರುತ್ತದೆ, ಲಾಭದ ಮೊತ್ತ ಮಾತ್ರ ಮೊದಲೇ ತಿಳಿದಿರುವುದಿಲ್ಲ, ನಷ್ಟವಾದರೆ ಹಣ ಕೊಟ್ಟವನ ಹಣ ಹೋಗುತ್ತದೆ, ದುಡಿದವನ ದುಡಿಮೆ ಹೋಗುತ್ತದೆ. ಇಬ್ಬರೂ ಬಂಡವಾಳ ಹಾಕಿದರೆ ಅದು ಮುಶಾರಕಾ. ಈ ಕಟ್ಟಳೆಯನ್ನು ಓದುಗರು ಮನಸ್ಸಿನಲ್ಲಿ ಇಟ್ಟುಕೊಂಡಿರಲಿ. ಮುಂದೆ ಇದು ಬೇಕಾಗುತ್ತದೆ.

ವ್ಯವಹಾರದಲ್ಲಿ ಇದಕ್ಕಿಂತ ಹೆಚ್ಚು ಪ್ರಚಲಿತವಾದುದು ‘ಮುರಾಬಹಾ’. ಮನೆಮನೆಗೆ ಮೀನು ಮಾರುವ ತರುಣನಿಗೆ 90,000 ರೂಪಾಯಿಯ ಸ್ಕೂಟರ್ ಬೇಕೆನ್ನೋಣ. ಬ್ಯಾಂಕು ಅದನ್ನು ತಾನೇ ಕೊಂಡು, ಕೊಂಡ ಬೆಲೆಯನ್ನು ಮರೆಮಾಚದೆ ತಿಳಿಸಿ, 1,02,000ಕ್ಕೆ ಅವನಿಗೆ ಮಾರುತ್ತದೆ. ಅವನು ತಿಂಗಳಿಗೆ 8,500ರಂತೆ ಹನ್ನೆರಡು ಕಂತಿನಲ್ಲಿ ತೀರಿಸುತ್ತಾನೆ. ಎರಡು ಕಂತು ತಡವಾದರೂ ಬೆಲೆ ಬೆಳೆಯುವುದಿಲ್ಲ. ದಂಡ ವಿಧಿಸಿದರೂ ಅದು ದಾನಕ್ಕೆ ಹೋಗಬೇಕೇ ವಿನಾ ಬ್ಯಾಂಕಿನ ಲಾಭಕ್ಕೆ ಸೇರಕೂಡದು. ಆ ಹನ್ನೆರಡು ಸಾವಿರವು ಪಕ್ಕದ ಬ್ಯಾಂಕಿನ ಬಡ್ಡಿಗೆ ಬಹಳ ಸಮೀಪದಲ್ಲಿಯೇ ಇರುತ್ತದೆ, ಹೆಸರು ಮಾತ್ರ ಬದಲಾಗಿದೆ ಎಂದು ಮುಸಲ್ಮಾನ ಅರ್ಥಶಾಸ್ತ್ರಜ್ಞರಲ್ಲಿಯೇ ಕೆಲವರು ಆಕ್ಷೇಪಿಸಿರುವುದುಂಟು, ಮತ್ತು ಆ ಆಕ್ಷೇಪದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೂ ಸಾಲ ಬೆಳೆಯುತ್ತಾ ಹೋಗುವುದಿಲ್ಲವೆಂಬ ಒಂದು ಗುಣ ಕಂತಿನ ಸಾಲದಲ್ಲಿ ನರಳಿದವನಿಗೆ ಸಣ್ಣದಾಗಿ ತೋರದು.

ಈ ಪದ್ಧತಿ ಆಧುನಿಕ ಸಂಸ್ಥೆಯ ರೂಪವನ್ನು ತಾಳಿದ್ದೂ ಸಣ್ಣ ಉಳಿತಾಯದಿಂದಲೇ. 1963ರಲ್ಲಿ ಈಜಿಪ್ಟಿನ ಮಿತ್ ಗಮ್ರ್ ಎಂಬ ಪಟ್ಟಣದಲ್ಲಿ ಅಹಮದ್ ಅಲ್ ನಜ್ಜಾರರು ಜರ್ಮನಿಯ ಉಳಿತಾಯ ಬ್ಯಾಂಕುಗಳ ಮಾದರಿಯಲ್ಲಿ ರೈತರಿಗಾಗಿ ಬಡ್ಡಿರಹಿತ ಬ್ಯಾಂಕನ್ನು ತೆರೆದರು. ಅದೇ ವರ್ಷ ಮಲಯದಲ್ಲಿ, ಹಜ್ ಯಾತ್ರೆಗೆಂದು ಗದ್ದೆಯನ್ನೂ ದನವನ್ನೂ ಮಾರಿ ಹಿಂದಿರುಗಿದ ಮೇಲೆ ದರಿದ್ರರಾಗುತ್ತಿದ್ದ ಹಳ್ಳಿಗರನ್ನು ಕಂಡು ಅರ್ಥಶಾಸ್ತ್ರಜ್ಞ ಉಂಕು ಅಜೀಜರು ಸೂಚಿಸಿದ್ದ ಉಳಿತಾಯ ನಿಧಿ ಕಾರ್ಯಾರಂಭ ಮಾಡಿತು. ಇಂದು ‘ತಾಬುಂಗ್ ಹಾಜಿ’ ಎಂದು ಪ್ರಸಿದ್ಧವಾಗಿರುವುದು ಅದೇ. ನಮ್ಮ ಉಡುಪಿಯ ಪಿಗ್ಮಿ ಇವುಗಳಿಗಿಂತ ಮೂವತ್ತೈದು ವರ್ಷ ಹಿರಿಯದು.

ಹಾಗಾದರೆ ಶಿರೂರಿನಲ್ಲಿದ್ದುಕೊಂಡು ಮಾಡತಕ್ಕದ್ದೇನು? ಹಣವನ್ನು ಮೊದಲು ನಿಯಂತ್ರಣಕ್ಕೆ ಒಳಪಟ್ಟ ಬ್ಯಾಂಕಿನಲ್ಲಿಯೇ ಇಡಿ. ಪ್ರತಿಯೊಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರನಿಗೆ ಐದು ಲಕ್ಷ ರೂಪಾಯಿಯವರೆಗೆ ವಿಮೆಯ ರಕ್ಷಣೆಯಿದೆ. ಬಡ್ಡಿಯೇ ಬೇಡವೆನ್ನುವವರು ಚಾಲ್ತಿ ಖಾತೆಯನ್ನು ತೆರೆಯಬಹುದು, ಅದಕ್ಕೆ ಬಡ್ಡಿಯಿಲ್ಲ. ಆದರೆ ಅದರಲ್ಲಿ ಇಡಬೇಕಾದ ಕನಿಷ್ಠ ಮೊತ್ತ ಹೆಚ್ಚು, ಶುಲ್ಕಗಳೂ ಹೆಚ್ಚು, ದಿನಗೂಲಿಯವನಿಗೆ ಹೊಂದುವುದಿಲ್ಲ. ಆದುದರಿಂದ ಬಹುಮಂದಿ ಉಲಮಾಗಳು (ಧರ್ಮವಿದ್ವಾಂಸರು) ಒಪ್ಪುವ ಮಾರ್ಗವೆಂದರೆ, ಉಳಿತಾಯ ಖಾತೆಯನ್ನೇ ಇಟ್ಟುಕೊಂಡು, ಬಂದ ಬಡ್ಡಿಯನ್ನು ಬೇರ್ಪಡಿಸಿ, ಪುಣ್ಯದ ಅಪೇಕ್ಷೆಯಿಲ್ಲದೆ ಬಡವರಿಗೋ ಸಾರ್ವಜನಿಕ ಕೆಲಸಕ್ಕೋ ಕೊಟ್ಟುಬಿಡುವುದು. ಇದನ್ನು ಮಾಡುವ ಬಗೆ ಬಹಳ ಸರಳ. ಪಾಸ್‌ಬುಕ್ಕನ್ನು ಮೂರು ತಿಂಗಳಿಗೊಮ್ಮೆ ಯಂತ್ರಕ್ಕೆ ಕೊಟ್ಟು ಎಂಟ್ರಿ ಹಾಕಿಸಿ; ಜಮೆಯ ಸಾಲಿನಲ್ಲಿ, ಸಂಬಳವೂ ಅಲ್ಲದ ಯಾರೂ ಕಳುಹಿಸಿದ್ದೂ ಅಲ್ಲದ, ನೂರರ ಆಸುಪಾಸಿನ ಬಿಡಿ ಅಂಕೆಯೊಂದು ಬಡ್ಡಿಯ ಗುರುತಿನೊಡನೆ ಕುಳಿತಿರುತ್ತದೆ. ಅದಕ್ಕೆ ಪೆನ್ಸಿಲಿನಿಂದ ಗೆರೆಯೆಳೆಯಿರಿ. ಮಾರ್ಚ್ ಮುಗಿದ ಮೇಲೆ ನಾಲ್ಕು ಗೆರೆಗಳನ್ನೂ ಕೂಡಿಸಿರಿ. ವರ್ಷವಿಡೀ ಸರಾಸರಿ 20,000 ರೂಪಾಯಿ ಇದ್ದ ಖಾತೆಗೆ ಎರಡೂವರೆ ಪ್ರತಿಶತದ ದರದಲ್ಲಿ ಬರುವುದು 500 ರೂಪಾಯಿ. ಐನೂರು ರೂಪಾಯಿಯ ಬಡ್ಡಿಗೆ ಹೆದರಿ, ಇಪ್ಪತ್ತು ಸಾವಿರವನ್ನು ಕಪಾಟಿನಲ್ಲಿಟ್ಟು ಕಳ್ಳನಿಗೂ ಗೆದ್ದಲಿಗೂ ಒಡ್ಡುವುದು ವಿವೇಕವೇ? ಸೂಕ್ಷ್ಮ ವಿಚಾರಗಳಲ್ಲಿ ಊರಿನ ಜಮಾಅತಿನ ಖಾಝಿಯವರನ್ನು ಕೇಳುವುದು ಉಚಿತ.

ಕೈಯಲ್ಲಿ ಫೋನಿರುವ ಈ ಕಾಲದ ತರುಣನಿಗೆ ಇನ್ನೊಂದು ಮಾತು. ಖರ್ಚಿನ ಖಾತೆ ಬೇರೆ, ಉಳಿತಾಯದ ಖಾತೆ ಬೇರೆ ಇರಲಿ; ಎರಡನೆಯದನ್ನು ಗೂಗಲ್ ಪೇ, ಫೋನ್ ಪೇಗಳಿಗೆ ಜೋಡಿಸಬೇಡಿ. ಸ್ಕ್ಯಾನ್ ಮಾಡಿದೊಡನೆ ಹಣ ಹೋಗುವ ಸೌಕರ್ಯವೇ ಉಳಿತಾಯದ ಶತ್ರು. ಬ್ಯಾಂಕಿನ ಸಾಲಿನಲ್ಲಿ ನಿಲ್ಲಬೇಕಾದ ಸಣ್ಣ ಕಷ್ಟವೊಂದೇ ಎಷ್ಟೋ ಅನವಶ್ಯಕ ಖರ್ಚನ್ನು ತಡೆಯುತ್ತದೆ. ಮನೆಯಲ್ಲಿ ಹತ್ತು ವರ್ಷ ತುಂಬಿದ ತಮ್ಮ ತಂಗಿಯರಿದ್ದರೆ ಅವರೇ ಸ್ವತಂತ್ರವಾಗಿ ಖಾತೆ ನಡೆಸಲು ರಿಸರ್ವ್ ಬ್ಯಾಂಕು 2025ರ ಏಪ್ರಿಲಿನ ಸುತ್ತೋಲೆಯಲ್ಲಿ ಅವಕಾಶ ಕೊಟ್ಟಿದೆ. ಇನ್ನು ಫೋನನ್ನೇ ‘ಜೀರೋ ಕಾಸ್ಟ್ ಇಎಂಐ’ಯಲ್ಲಿ ಕೊಂಡು ಬಡ್ಡಿಯಿಲ್ಲವೆಂದು ಸಮಾಧಾನಪಡುವವರು, ಶೂನ್ಯ ಬಡ್ಡಿಯೆಂಬುದೇ ಇಲ್ಲವೆಂದು ರಿಸರ್ವ್ ಬ್ಯಾಂಕು 2013ರಲ್ಲಿಯೇ ಹೇಳಿರುವುದನ್ನು ಗಮನಿಸಬೇಕು, ಆ ಬಡ್ಡಿ ಬೆಲೆಯೊಳಗೋ ಶುಲ್ಕದೊಳಗೋ ಅಡಗಿರುತ್ತದೆ.

ಕೊಲ್ಲಿಗೆ ಹೊರಟವರು ಊರಿನ ಸಾಮಾನ್ಯ ಖಾತೆಯನ್ನು ಹಾಗೆಯೇ ಬಿಟ್ಟುಹೋಗುವುದು ವಾಡಿಕೆ. ಇದು ನಿಯಮಕ್ಕೆ ವಿರುದ್ಧ. ವಿದೇಶದಲ್ಲಿ ನೆಲೆಸಿದ ಮೇಲೆ ಅದನ್ನು ಎನ್‌ಆರ್‌ಒ ಖಾತೆಯಾಗಿ ಮಾರ್ಪಡಿಸಿಕೊಳ್ಳಬೇಕು. ಸಂಬಳವನ್ನು ಕಳುಹಿಸಲು ಎನ್‌ಆರ್‌ಇ ಖಾತೆ. ಎನ್‌ಆರ್‌ಇಯನ್ನು ಚಾಲ್ತಿ ಖಾತೆಯ ರೂಪದಲ್ಲಿಯೂ ತೆರೆಯಬಹುದಾದುದರಿಂದ ಬಡ್ಡಿ ಬೇಡವೆನ್ನುವವರಿಗೆ ಅನುಕೂಲ. ಮನೆಗೆ ಕಳುಹಿಸಿದ್ದೆಲ್ಲವೂ ಮನೆಯ ಖರ್ಚಾಗಿ ಕರಗುವುದೇ ಕೊಲ್ಲಿಯ ದುಡಿಮೆಯ ದೊಡ್ಡ ದುಃಖವಾಗಿರುವಾಗ, ಅಮ್ಮನ ಖಾತೆಗೆ ಹೋಗುವ ಹಣವೂ ತನ್ನ ಭವಿಷ್ಯಕ್ಕೆ ನಿಲ್ಲುವ ಹಣವೂ ಮೊದಲ ತಿಂಗಳಿನಿಂದಲೇ ಬೇರೆಬೇರೆಯಾಗಿ ಹೊರಡಬೇಕು. ದೋಣಿಯವನಿಗೆ ಮೂರು ತಿಂಗಳ ಖರ್ಚು, ಕೊಲ್ಲಿಯವನಿಗೆ ಆರು ತಿಂಗಳ ಖರ್ಚು: ಇಷ್ಟು ಸೇರುವವರೆಗೆ ಬೇರಾವ ಹೂಡಿಕೆಯ ಮಾತೂ ಬೇಡ.

ಸೇರಿದ ಮೇಲೆ ಮಾತ್ರ ಹಣವನ್ನು ಸುಮ್ಮನೆ ಇಡಕೂಡದು. ವಸ್ತುಗಳ ಬೆಲೆ ವರ್ಷಕ್ಕೆ ಐದು ಪ್ರತಿಶತ ಏರಿದರೆ ಇಂದಿನ ನೂರು ರೂಪಾಯಿಯ ಕೊಳ್ಳುವ ಶಕ್ತಿ ಬರುವ ವರ್ಷಕ್ಕೆ ಸುಮಾರು 95ಕ್ಕೆ ಇಳಿಯುತ್ತದೆ. ಅದಲ್ಲದೆ ಏಳೂವರೆ ತೊಲ ಚಿನ್ನದ ಅಥವಾ ಐವತ್ತೆರಡೂವರೆ ತೊಲ ಬೆಳ್ಳಿಯ ಪರಿಮಾಣವನ್ನು ಮೀರಿದ ಉಳಿತಾಯದ ಮೇಲೆ, ಒಂದು ಚಾಂದ್ರಮಾನ ವರ್ಷ ಕಳೆದಾಗ, ಎರಡೂವರೆ ಪ್ರತಿಶತ ಝಕಾತ್ (ಕಡ್ಡಾಯ ದಾನ) ಸಲ್ಲಬೇಕು. ಹಣವನ್ನು ಉದ್ಯಮದಲ್ಲಿ ತೊಡಗಿಸಿರೆಂಬುದೇ ಈ ವಿಧಿಯ ಸೂಚನೆಯೆಂದು ತೋರುತ್ತದೆ. ನಿಯಂತ್ರಣಕ್ಕೆ ಒಳಪಟ್ಟ ಮಾರ್ಗಗಳಲ್ಲಿ ಟಾಟಾ ಎಥಿಕಲ್ ಫಂಡ್, ಟಾರಸ್ ಎಥಿಕಲ್ ಫಂಡ್, ನಿಫ್ಟಿ 50 ಶರಿಯಾ ಸೂಚ್ಯಂಕವನ್ನು ಅನುಸರಿಸುವ ನಿಪ್ಪಾನ್ ಇಂಡಿಯಾದ ಶರಿಯಾ ಬೀಸ್ ಮುಂತಾದವು ಇವೆ. ಮದ್ಯ, ತಂಬಾಕು, ಜೂಜು, ಬಡ್ಡಿಯ ಬ್ಯಾಂಕುಗಳ ಷೇರುಗಳನ್ನೂ, ಸಾಲದಲ್ಲಿ ಮುಳುಗಿದ ಕಂಪೆನಿಗಳನ್ನೂ ಇವು ಹೊರಗಿಡುತ್ತವೆ. ತಿಂಗಳಿಗೆ ಕೆಲವು ನೂರು ರೂಪಾಯಿಯಿಂದ ಆರಂಭಿಸಬಹುದು. ಆದರೆ ಇವುಗಳ ಬೆಲೆ ಇಳಿಯುವುದೂ ಉಂಟು, ಒಂದೊಂದು ವರ್ಷ ಬಲವಾಗಿಯೇ ಇಳಿಯುವುದುಂಟು. ಐದು ವರ್ಷ ಮುಟ್ಟದಿರಲು ಸಾಧ್ಯವಿಲ್ಲದ ಹಣವನ್ನು, ತಂಗಿಯ ಮದುವೆಯ ಹಣವನ್ನಂತೂ, ಇಲ್ಲಿಗೆ ತರಬೇಡಿ.

ಚಿನ್ನವನ್ನು ಕೊಳ್ಳುವುದಾದರೆ ಪೂರ್ತಿ ಹಣ ಕೊಟ್ಟು, ಕೂಡಲೇ ವಶಕ್ಕೆ ತೆಗೆದುಕೊಳ್ಳಿ. ಚಿನ್ನದ ವ್ಯಾಪಾರ ಕೈಯಿಂದ ಕೈಗೆ ಆಗಬೇಕೆಂಬುದು ಶರೀಅತ್ತಿನ ನಿಯಮ, ಒಡವೆ ಅಂಗಡಿಯ ಕಂತಿನ ಸ್ಕೀಮುಗಳ ಬಗ್ಗೆ ಉಲಮಾಗಳಿಗೆ ಸಂದೇಹವಿರುವುದು ಇದೇ ಕಾರಣದಿಂದ. ಮಜೂರಿಯಲ್ಲಿ ಹೋದದ್ದು ಹಿಂದಿರುಗದು ಎಂಬುದೂ ನೆನಪಿರಲಿ. ಗೆಳೆಯರು ಸೇರಿ ನಡೆಸುವ ಕುರಿಯ (ಚೀಟಿ ಫಂಡಿನ) ವಿಚಾರ: ಹತ್ತು ಜನ ತಿಂಗಳಿಗೆ ಎರಡೆರಡು ಸಾವಿರ ಹಾಕಿ, ಚೀಟಿಯೆತ್ತಿ, ಸರದಿಯಂತೆ ಇಪ್ಪತ್ತು ಸಾವಿರವನ್ನು ಪೂರ್ತಿಯಾಗಿ ಪಡೆಯುವುದಾದರೆ ಅದು ಪರಸ್ಪರ ಬಡ್ಡಿರಹಿತ ಸಾಲವಷ್ಟೇ, ಹರಾಜು ಕೂಗಿ, ಅವಸರದವನು ಹದಿನಾರಕ್ಕೆ ಒಪ್ಪಿ, ಉಳಿದ ನಾಲ್ಕು ಸಾವಿರವನ್ನು ಇತರರು ಹಂಚಿಕೊಂಡರೆ, ಬಡ್ಡಿ ಹಿಂಬಾಗಿಲಿನಿಂದ ಒಳಗೆ ಬಂದಿತು. ಅವಸರಕ್ಕೆ ಸಾಲವೇ ಬೇಕಾದಾಗ, ನೆರೆಯ ಭಟ್ಕಳದ ಇಸ್ಲಾಮಿಕ್ ವೆಲ್‌ಫೇರ್ ಸೊಸೈಟಿಯಂತಹ ಬಡ್ಡಿರಹಿತ ಸಾಲದ ಸಂಸ್ಥೆಗಳೂ ನಮ್ಮ ಕರಾವಳಿಯಲ್ಲಿ ಬೆಳೆದಿವೆ. ಇಂತಹ ಸೊಸೈಟಿಗಳೊಡನೆ ವ್ಯವಹರಿಸುವಾಗ ಒಂದು ಭೇದವನ್ನು ಮರೆಯಬಾರದು: ಸಹಕಾರಿ ಬ್ಯಾಂಕಿನ ಠೇವಣಿಗೆ ಐದು ಲಕ್ಷದ ವಿಮೆ ಉಂಟು, ಸಹಕಾರಿ ಸೊಸೈಟಿಯ ಠೇವಣಿಗೆ, ಅದು ಎಷ್ಟೇ ಪ್ರಾಮಾಣಿಕವಾಗಿರಲಿ, ಆ ವಿಮೆಯಿಲ್ಲ.

ಈಗ ರಂಪಣಿಯ ಕಟ್ಟಳೆಗೆ ಬರೋಣ. 2019ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಐಎಂಎ ಎಂಬ ಸಂಸ್ಥೆಯ ಮುಖ್ಯಸ್ಥ ದೇಶ ಬಿಟ್ಟಾಗ, ‘ಹಲಾಲ್ ಹೂಡಿಕೆ’ಯೆಂದು ನಂಬಿ ಹಣ ತೊಡಗಿಸಿದ್ದ ಸಾವಿರಾರು ಕುಟುಂಬಗಳು ಶಿವಾಜಿನಗರದಲ್ಲಿ ದೂರು ಕೊಡಲು ಸಾಲುಗಟ್ಟಿ ನಿಂತವು, ಮುಳುಗಿದ್ದು ಸಾವಿರಾರು ಕೋಟಿ. ಅದಕ್ಕೆ ಹಿಂದಿನ ವರ್ಷವೇ ಇಂತಹವೇ ಸಂಸ್ಥೆಗಳಾದ ಆಂಬಿಡೆಂಟ್, ಹೀರಾ ಗೋಲ್ಡ್‌ಗಳ ಪ್ರಕರಣಗಳು ಹೊರಬಿದ್ದಿದ್ದರೂ ಜನ ಎಚ್ಚೆತ್ತಿರಲಿಲ್ಲ. ಐಎಂಎಯಲ್ಲಿ ಹಣ ಹಾಕಿದವರನ್ನು ಠೇವಣಿದಾರರೆನ್ನದೆ ‘ಪಾಲುದಾರ’ರೆಂದು ಕಾಗದದಲ್ಲಿ ತೋರಿಸಲಾಗಿತ್ತು, ಆದರೆ ಆ ಪಾಲುದಾರರಿಗೆ ತಿಂಗಳು ತಿಂಗಳೂ ‘ಲಾಭ’ ತಪ್ಪದೆ ಬರುತ್ತಿತ್ತು. ಯಾವ ವ್ಯಾಪಾರದಲ್ಲಿ ಒಂದು ತಿಂಗಳೂ ಬಲೆ ಬರಿದಾಗುವುದಿಲ್ಲ? ತಪ್ಪದೆ ಬರುವ, ಮೊದಲೇ ಗೊತ್ತಾದ ಹಣ ಬಡ್ಡಿಯಾಗಿರಬೇಕು, ಇಲ್ಲವೇ ಮುಂದಿನವನ ಅಸಲಾಗಿರಬೇಕು. ಆದುದರಿಂದ ಹಣ ಕೇಳಲು ಬಂದವರನ್ನು, ಅವರು ಎಷ್ಟೇ ಧಾರ್ಮಿಕರಾಗಿ ಕಾಣಿಸಲಿ, ಮಸೀದಿಯ ಅಂಗಳದಲ್ಲಿಯೇ ಪರಿಚಯವಾದ ಹಿರಿಯರಾಗಿರಲಿ, ‘ನಷ್ಟವಾದರೆ ಯಾರಿಗೆ?’ ಎಂದು ಕೇಳಿರಿ. ನಷ್ಟವೇ ಆಗುವುದಿಲ್ಲ ಎಂದು ಉತ್ತರ ಬಂದರೆ, ಚಹಾ ಕುಡಿಸಿ ಕಳುಹಿಸಿಕೊಡಿ. 2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯಿದೆಯಂತೆ ಇಂತಹ ಠೇವಣಿಯನ್ನು ಸಂಗ್ರಹಿಸುವುದೇ ಅಪರಾಧ. ಸಂಸ್ಥೆಗೆ ಅನುಮತಿಯುಂಟೇ ಎಂದು ನೋಡುವುದಕ್ಕೂ ದೂರು ಕೊಡುವುದಕ್ಕೂ ರಿಸರ್ವ್ ಬ್ಯಾಂಕಿನ ‘ಸಚೇತ್’ ಜಾಲತಾಣವಿದೆ.

ಕೊನೆಯದಾಗಿ ನಾಮನಿರ್ದೇಶನದ ಮಾತು. ತರುಣರು ಇದನ್ನು ವೃದ್ಧರ ಕೆಲಸವೆಂದು ತಿಳಿದು ಬಿಟ್ಟುಬಿಡುತ್ತಾರೆ. ಕಡಲಿಗೆ ಇಳಿಯುವವನೂ ಮರಳುಗಾಡಿನ ರಸ್ತೆಯಲ್ಲಿ ವಾಹನ ಓಡಿಸುವವನೂ ಹಾಗೆ ತಿಳಿಯುವಂತಿಲ್ಲ. 2025ರ ನವೆಂಬರ್ 1ರಿಂದ ಒಂದು ಬ್ಯಾಂಕ್ ಖಾತೆಗೆ ನಾಲ್ವರವರೆಗೆ ನಾಮಿನಿಗಳನ್ನು ಸೂಚಿಸಲು ಅವಕಾಶವಾಗಿದೆ. ನಾಮಿನಿಯಾದವರು ಹಣವನ್ನು ಬ್ಯಾಂಕಿನಿಂದ ಪಡೆಯುವವರೇ ಹೊರತು ಅದರ ಒಡೆಯರಲ್ಲ. ಅದು ಶರೀಅತ್ತಿನ ಪಾಲಿನಂತೆ ವಾರಸುದಾರರಿಗೆ ಹಂಚಿಕೆಯಾಗಬೇಕು, ಉಯಿಲಿನ ಮೂಲಕ ಬೇರೆಯವರಿಗೆ ಕೊಡಬಹುದಾದದ್ದು ಸಾಮಾನ್ಯವಾಗಿ ಮೂರನೆಯ ಒಂದು ಭಾಗವಷ್ಟೇ. ಆದುದರಿಂದ ನಾಮಿನಿಯ ಫಾರಮ್ಮನ್ನು ತುಂಬುವಾಗಲೇ, ಯಾವ ಬ್ಯಾಂಕಿನಲ್ಲಿ ಯಾವ ಖಾತೆ, ಯಾವ ಫಂಡಿನಲ್ಲಿ ಎಷ್ಟು, ಯಾರಿಂದ ಬರಬೇಕಾದ ಸಾಲವೆಷ್ಟು, ಯಾರಿಗೆ ಕೊಡಬೇಕಾದದ್ದೆಷ್ಟು, ಆ ವರ್ಷ ಬೇರ್ಪಡಿಸಬೇಕಾದ ಬಡ್ಡಿ ಇನ್ನೂ ಖಾತೆಯಲ್ಲಿಯೇ ಉಳಿದಿದೆಯೇ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಮನೆಯವರ ಕೈಗೆ ಕೊಡಿ. ಪಿನ್ ನಂಬರನ್ನು ಮಾತ್ರ ಆ ಹಾಳೆಯಲ್ಲಿ ಬರೆಯಬೇಡಿ.